ಎದೆಬಡಿತದ ಬ್ರೇಕ್ ಹುಡುಕಿದ ಒಟ್ಟೋ ಲೋವಿ

ವೈವಾ ದಿನ ಲ್ಯಾಬ್ ಹೊರಗಿನ ಕಾರಿಡಾರಿನಲ್ಲಿ ನಿಂತವರ ಮುಖ ನೋಡಿದ್ದೀರಾ? ರೆಕಾರ್ಡ್ ಬುಕ್ಕನ್ನು ಎದೆಗೆ ಅವುಚಿಕೊಂಡು, ಯಾವ ರೋಲ್ ನಂಬರ್ ನಡೀತಿದೆ ಅಂತ ಪದೇ ಪದೇ ಕೇಳ್ತಾ ನಿಂತಿರ್ತೀವಿ. ಒಳಗಿಂದ ನಮ್ಮ ಹೆಸರು ಕರೆದ ತಕ್ಷಣ ಎದೆ ಡವಡವ. ನಾವು ಓಡಿ ಬಂದಿಲ್ಲ, ಮೆಟ್ಟಿಲು ಹತ್ತಿಲ್ಲ, ನಿಂತಲ್ಲೇ ನಿಂತಿದ್ದೀವಿ. ಆದ್ರೂ ಹೃದಯ ಓಡ್ತಿದೆ. ಅದೇ ಹೃದಯ ರಾತ್ರಿ ಹಾಸ್ಟೆಲ್ ಮಂಚದ ಮೇಲೆ ಮಲಗಿದಾಗ, ಇದೆಯೋ ಇಲ್ಲವೋ ಅನ್ನುವಷ್ಟು ಸದ್ದಿಲ್ಲದೆ ಕೆಲಸ ಮಾಡ್ತಿರುತ್ತೆ.

ಹೆದರಿದ್ದು ತಲೆ, ಓಡಿದ್ದು ಹೃದಯ. ನಡುವೆ ಸುದ್ದಿ ಮುಟ್ಟಿಸಿದ್ದು ಯಾರು, ಹೇಗೆ?

ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯರನ್ನು ಕೇಳಿದರೆ ಥಟ್ಟನೆ ಉತ್ತರ ಬರುತ್ತೆ. ನರ ಅಂದ್ರೆ ವೈರು, ಮಿದುಳಿನಿಂದ ಕರೆಂಟ್ ಹರಿಯುತ್ತೆ, ಹೃದಯ ಕೇಳುತ್ತೆ. ನೂರು ವರ್ಷದ ಹಿಂದೆ ಬಹಳಷ್ಟು ವಿಜ್ಞಾನಿಗಳೂ ಹೀಗೇ ಅಂದುಕೊಂಡಿದ್ದರು. ಇದು ಪೂರ್ತಿ ಸರಿಯಲ್ಲ ಅಂತ ಎರಡು ಕಪ್ಪೆಯ ಹೃದಯ ಮತ್ತು ಒಂದಿಷ್ಟು ಉಪ್ಪುನೀರು ಇಟ್ಟುಕೊಂಡು ತೋರಿಸಿದವರು ಒಟ್ಟೋ ಲೋವಿ. ಆ ಪ್ರಯೋಗ ಅವರಿಗೆ ಹೊಳೆದದ್ದು ಕನಸಿನಲ್ಲಿ. ಕನಸಿನ ಕಥೆಯನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅದರ ಹಿಂದಿನ ಮತ್ತು ಮುಂದಿನ ಬದುಕಿನ ಕಥೆ ಅದಕ್ಕಿಂತ ದೊಡ್ಡದು.

ಮನೆಯವರ ಆಸೆಗೆ ಮೆಡಿಕಲ್

ಲೋವಿ ಹುಟ್ಟಿದ್ದು 1873ರ ಜೂನ್ 3ರಂದು, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ತಂದೆ ಯಾಕೊಬ್ ಲೋವಿ ವ್ಯಾಪಾರಿ, ಯಹೂದಿ ಕುಟುಂಬ. ಶಾಲೆಯಲ್ಲಿ ಹುಡುಗನಿಗೆ ಭಾಷೆಗಳು ಅಂದ್ರೆ ಇಷ್ಟ, ಅದರಲ್ಲಿ ಒಳ್ಳೆ ಅಂಕ. ಗಣಿತ, ಭೌತಶಾಸ್ತ್ರ ಮಾತ್ರ ಅಷ್ಟಕ್ಕಷ್ಟೆ. ಚಿತ್ರಕಲೆಯ ಇತಿಹಾಸ ಓದಬೇಕು ಅನ್ನೋದು ಅವನ ಕನಸು. ಮನೆಯವರು ಒಪ್ಪಲಿಲ್ಲ, ಡಾಕ್ಟರಾಗು ಅಂದರು. ಕಥೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಊರು ಬೇರೆ, ಕಾಲ ಬೇರೆ, ಮನೆ ಮಾತ್ರ ಒಂದೇ.

1891ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ಮೆಡಿಕಲ್ ಕೋರ್ಸಿಗೆ ಸೇರಿದ್ದಾಯಿತು. ಆಗ ಆ ಊರು ಜರ್ಮನಿಯ ಆಳ್ವಿಕೆಯಲ್ಲಿತ್ತು. ಸೇರಿದ ಮೇಲೆ ಲೋವಿ ಮಾಡಿದ ಕೆಲಸ ಅಂದ್ರೆ ಮೆಡಿಕಲ್ ಕ್ಲಾಸಿಗೆ ಚಕ್ಕರ್ ಹೊಡೆದು, ತತ್ವಶಾಸ್ತ್ರ ಮತ್ತು ಕಲೆಯ ಉಪನ್ಯಾಸಗಳಿಗೆ ಹೋಗಿ ಕೂರುವುದು. ಫಲಿತಾಂಶ ಹೇಗಿರಬೇಕೋ ಹಾಗೇ ಬಂತು. 1893ರಲ್ಲಿ ಮೊದಲ ವೈದ್ಯಕೀಯ ಪರೀಕ್ಷೆಯಲ್ಲಿ ಅವರು ಪಾಸಾದದ್ದು ಕೂದಲೆಳೆಯ ಅಂತರದಲ್ಲಿ.

ಆಮೇಲೆ ನಿಧಾನಕ್ಕೆ ಆಸಕ್ತಿ ಹುಟ್ಟಿತು. ಸ್ಟ್ರಾಸ್‌ಬರ್ಗಿನಲ್ಲಿ ಓಸ್ವಾಲ್ಡ್ ಶ್ಮೀಡೆಬೆರ್ಗ್ ಎಂಬ ಪ್ರಾಧ್ಯಾಪಕರಿದ್ದರು. ಔಷಧಿಗಳು ದೇಹದೊಳಗೆ ಹೇಗೆ ಕೆಲಸ ಮಾಡುತ್ತವೆ ಅನ್ನೋದನ್ನು ಪ್ರಯೋಗದಿಂದ ನೋಡುವ ಶಾಸ್ತ್ರ ಕಟ್ಟಿದವರಲ್ಲಿ ಅವರು ಪ್ರಮುಖರು. ಅವರ ಕೈಕೆಳಗೆ ಲೋವಿ ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ, ದೇಹದಿಂದ ಹೊರತೆಗೆದ ಕಪ್ಪೆಯ ಹೃದಯ. ಕಪ್ಪೆಯ ಹೃದಯದ ವಿಶೇಷ ಏನಂದ್ರೆ, ದೇಹದಿಂದ ತೆಗೆದ ಮೇಲೂ ಸರಿಯಾದ ಉಪ್ಪಿನ ದ್ರಾವಣ ಕೊಟ್ಟರೆ ಅದು ತನ್ನಷ್ಟಕ್ಕೆ ತಾನೇ ಗಂಟೆಗಟ್ಟಲೆ ಬಡಿಯುತ್ತಿರುತ್ತೆ. 1896ರಲ್ಲಿ ಪದವಿ ಬಂತು. ಆ ಕಪ್ಪೆಯ ಹೃದಯ ಕಾಲು ಶತಮಾನದ ನಂತರ ಮತ್ತೆ ತಮ್ಮ ಬಾಳಿಗೆ ಬರುತ್ತೆ ಅಂತ ಆಗ ಲೋವಿಗೆ ಗೊತ್ತಿರಲಿಲ್ಲ.

ವಾರ್ಡಿನಲ್ಲಿ ಕೈಕಟ್ಟಿ ನಿಂತ ಡಾಕ್ಟರ್

ಪದವಿ ಮುಗಿಸಿ ಫ್ರಾಂಕ್‌ಫರ್ಟಿನ ನಗರ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಕ್ಷಯ ಮತ್ತು ನ್ಯುಮೋನಿಯಾ ರೋಗಿಗಳಿಂದ ವಾರ್ಡುಗಳು ತುಂಬಿದ್ದವು. ಆ ಕಾಲಕ್ಕೆ ಎರಡಕ್ಕೂ ಔಷಧಿ ಇರಲಿಲ್ಲ. ಪೆನಿಸಿಲಿನ್ ಬರೋದಕ್ಕೆ ಇನ್ನೂ ನಾಲ್ಕು ದಶಕ ಬೇಕಿತ್ತು. ದಿನಾ ಬೆಳಗ್ಗೆ ಹೋಗಿ ನಾಡಿ ಹಿಡಿದು ನೋಡುವುದು, ಜ್ವರ ಬರೆದುಕೊಳ್ಳುವುದು, ಸಾಯುವವರು ಸಾಯುವುದನ್ನು ನೋಡುವುದು. ಇಷ್ಟೇ ವೈದ್ಯನ ಕೈಯಲ್ಲಿದ್ದದ್ದು.

ಲೋವಿಗೆ ಇದು ತಡೆಯಲಾಗಲಿಲ್ಲ. ರೋಗಿಯ ಪಕ್ಕ ಸುಮ್ಮನೆ ನಿಲ್ಲುವ ಬದಲು, ದೇಹ ಕೆಲಸ ಮಾಡುವ ರೀತಿಯನ್ನೇ ತಿಳಿಯಬೇಕು ಅಂತ ನಿರ್ಧರಿಸಿ ಆಸ್ಪತ್ರೆ ಬಿಟ್ಟರು. 1898ರಲ್ಲಿ ಮಾರ್ಬುರ್ಗ್ ಊರಿಗೆ ಹೋಗಿ ಹಾನ್ಸ್ ಹೋರ್ಸ್ಟ್ ಮೇಯರ್ ಎಂಬ ಔಷಧಶಾಸ್ತ್ರಜ್ಞರ ಸಹಾಯಕರಾದರು. ಅಲ್ಲಿ ಹೆಸರು ತಂದ ಮೊದಲ ಕೆಲಸಕ್ಕೂ ಹೃದಯಕ್ಕೂ ಸಂಬಂಧವಿಲ್ಲ. ಒಡೆದು ಚೂರಾದ ಪ್ರೋಟೀನನ್ನು ತಿಂದರೂ ಪ್ರಾಣಿಯ ದೇಹ ಅದರಿಂದ ತನ್ನ ಪ್ರೋಟೀನನ್ನು ಮತ್ತೆ ಕಟ್ಟಿಕೊಳ್ಳಬಲ್ಲದು ಅಂತ 1902ರಲ್ಲಿ ತೋರಿಸಿದರು. ಆಹಾರಶಾಸ್ತ್ರಕ್ಕೆ ಅದು ದೊಡ್ಡ ಮಾತೇ.

ಅದೇ ಹೊತ್ತಿಗೆ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಪ್ರಯೋಗಾಲಯದಲ್ಲಿ ಹೆನ್ರಿ ಡೇಲ್ ಎಂಬ ತರುಣನ ಸ್ನೇಹವಾಯಿತು. ಆ ಸ್ನೇಹ ಕೊನೆವರೆಗೂ ಉಳಿಯಿತು. ಇಲ್ಲಿಂದ ಕಥೆಗೆ ತಿರುವು.

ಒಂದೇ ಸಿಗ್ನಲ್, ಎರಡು ಔಟ್‌ಪುಟ್

ಆ ಕಾಲದವರನ್ನು ಕಾಡುತ್ತಿದ್ದ ಒಗಟು ಏನು ಅಂತ ಸ್ವಲ್ಪ ನೋಡೋಣ. ಇದು ಗೊತ್ತಾಗದಿದ್ರೆ ಮುಂದಿನ ಪ್ರಯೋಗದ ರುಚಿ ಸಿಗಲ್ಲ.

ಹೃದಯಕ್ಕೆ ಬಡಿಯೋದನ್ನ ಯಾರೂ ಹೇಳಿಕೊಡಬೇಕಿಲ್ಲ. ಅದರ ಮೇಲ್ಭಾಗದಲ್ಲಿರುವ ಒಂದು ಪುಟ್ಟ ಗಂಟು ತಾನೇ ಕ್ಲಾಕ್ ಪಲ್ಸ್ ಕೊಡ್ತಾ ಇರುತ್ತೆ. ಆದರೆ ಆ ಕ್ಲಾಕಿನ ವೇಗ ಹೆಚ್ಚು ಕಡಿಮೆ ಮಾಡಲು ಹೊರಗಿನಿಂದ ಎರಡು ಬಗೆಯ ನರಗಳು ಬರುತ್ತವೆ. ಮಿದುಳಿನ ಬುಡದಿಂದ ಕತ್ತಿನ ಮೂಲಕ ಇಳಿದು ಬರುವುದು ವೇಗಸ್ ನರ. ಇದನ್ನು ಕೆರಳಿಸಿದರೆ ಹೃದಯ ನಿಧಾನವಾಗುತ್ತೆ, ಜೋರಾಗಿ ಕೆರಳಿಸಿದರೆ ನಿಂತೇ ಹೋಗುತ್ತೆ ಅಂತ ಜರ್ಮನಿಯ ವೆಬರ್ ಸಹೋದರರು 1845ರಲ್ಲೇ ತೋರಿಸಿದ್ದರು. ಹೆಸರಿನಲ್ಲಿ ವೇಗ ಇದ್ದರೂ ಕೆಲಸ ಬ್ರೇಕಿನದು! ಹೆಸರು ಲ್ಯಾಟಿನ್ನಿನದು, ಅಲೆಮಾರಿ ಅನ್ನೋ ಅರ್ಥ. ಕತ್ತಿನಿಂದ ಹೊಟ್ಟೆವರೆಗೂ ಅಲೆಯುವ ನರವಾದ್ದರಿಂದ ಆ ಹೆಸರು. ಬೆನ್ನುಹುರಿಯ ಕಡೆಯಿಂದ ಬರುವ ಇನ್ನೊಂದು ಬಗೆಯ ನರ ಕೆರಳಿದರೆ ಹೃದಯದ ಓಟ ಜೋರಾಗುತ್ತೆ. ಇದು ಆಕ್ಸಿಲರೇಟರ್.

ಒಗಟು ಇರುವುದು ಇಲ್ಲಿ. ಎರಡೂ ನರಗಳಲ್ಲಿ ಹರಿಯುವ ವಿದ್ಯುತ್ ಸಂಕೇತ ಒಂದೇ ತರಹದ್ದು. ಅಳೆದು ನೋಡಿದರೆ ಬ್ರೇಕಿನ ಪಲ್ಸ್ ಯಾವುದು, ಆಕ್ಸಿಲರೇಟರಿನ ಪಲ್ಸ್ ಯಾವುದು ಅಂತ ಹೇಳಕ್ಕಾಗಲ್ಲ. ಇನ್‌ಪುಟ್ ಒಂದೇ ಆಗಿದ್ದು ಔಟ್‌ಪುಟ್ ತದ್ವಿರುದ್ಧ ಬರೋದು ಹೇಗೆ? ವ್ಯತ್ಯಾಸ ಇರಬೇಕಾದ್ದು ವೈರಿನ ಉದ್ದಕ್ಕೂ ಅಲ್ಲ, ವೈರು ಮುಗಿಯುವ ಜಾಗದಲ್ಲಿ.

ಕೇಂಬ್ರಿಜ್‌ನಲ್ಲಿ ಎಲಿಯಟ್ ಎಂಬ ತರುಣ ಸಂಶೋಧಕ ಆಗ ಅಡ್ರಿನಲಿನ್ ಮೇಲೆ ಕೆಲಸ ಮಾಡುತ್ತಿದ್ದ. ನರದ ತುದಿಯಲ್ಲಿ ಅಡ್ರಿನಲಿನ್ನಿನಂಥ ರಾಸಾಯನಿಕ ಬಿಡುಗಡೆಯಾಗುತ್ತಿರಬಹುದು ಅನ್ನುವ ಊಹೆಯನ್ನು 1904ರಲ್ಲಿ ಆತ ಮುಂದಿಟ್ಟ. ಲೋವಿಗೂ 1903ರ ಸುಮಾರಿಗೆ ಇಂಥದ್ದೇ ಆಲೋಚನೆ ಬಂದಿತ್ತು, ಗೆಳೆಯರೊಬ್ಬರ ಹತ್ತಿರ ಹೇಳಿಯೂ ಇದ್ದರು. ಆದರೆ ಪರೀಕ್ಷಿಸುವ ದಾರಿ ಹೊಳೆಯಲಿಲ್ಲ. ಪರೀಕ್ಷಿಸಲಾಗದ ಊಹೆಯನ್ನು ಇಟ್ಟುಕೊಂಡು ಏನು ಮಾಡೋದು? ಮರೆತುಬಿಟ್ಟರು. ಒಂದಲ್ಲ ಎರಡಲ್ಲ, ಹದಿನೇಳು ವರ್ಷ ಆ ಮಾತು ತಲೆಯ ಯಾವುದೋ ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು.

ಎರಡು ರಾತ್ರಿ

1905ರಲ್ಲಿ ಗುರು ಮೇಯರ್ ಜೊತೆ ವಿಯೆನ್ನಾಗೆ ಹೋದರು. 1908ರಲ್ಲಿ ಗ್ವಿಡಾ ಗೋಲ್ಡ್‌ಶ್ಮೀಟ್ ಅವರ ಜೊತೆ ಮದುವೆಯಾಯಿತು. ಮೂವರು ಗಂಡುಮಕ್ಕಳು, ಒಬ್ಬಳು ಮಗಳು. 1909ರಲ್ಲಿ ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾದರು. ಮೊದಲ ಮಹಾಯುದ್ಧ ಬಂದು ಹೋಯಿತು.

1920ರ ಈಸ್ಟರ್ ಹಬ್ಬದ ಸಮಯ ಎಂದು ಲೋವಿ ಆಮೇಲೆ ನೆನಪಿಸಿಕೊಂಡಿದ್ದಾರೆ. ಅದರ ಪ್ರಬಂಧ ಅಚ್ಚಾದದ್ದು 1921ರಲ್ಲಿ. ಒಂದು ರಾತ್ರಿ ನಿದ್ದೆಯಿಂದ ಎಚ್ಚರವಾಯಿತು, ತಲೆಯಲ್ಲೊಂದು ಪ್ರಯೋಗ. ದೀಪ ಹಚ್ಚಿ, ತೆಳುವಾದ ಒಂದು ಚೀಟಿಯ ಮೇಲೆ ಗೀಚಿಟ್ಟು ಮತ್ತೆ ಮಲಗಿದರು. ಬೆಳಗ್ಗೆ 6 ಗಂಟೆಗೆ ಎದ್ದಾಗ, ರಾತ್ರಿ ಬಹಳ ಮುಖ್ಯವಾದದ್ದೇನೋ ಬರೆದಿದ್ದೇನೆ ಅನ್ನೋದು ನೆನಪಿತ್ತು. ಚೀಟಿ ನೋಡಿದರೆ ತಮ್ಮ ಅಕ್ಷರ ತಮಗೇ ಓದಲಾಗುತ್ತಿಲ್ಲ! ಇಡೀ ದಿನ ಚೀಟಿಯನ್ನು ಆಚೆ ಈಚೆ ತಿರುಗಿಸಿ ನೋಡಿದರೂ ಏನೂ ಗೊತ್ತಾಗಲಿಲ್ಲ. ಪರೀಕ್ಷೆ ಹಿಂದಿನ ರಾತ್ರಿ ಬರೆದ ನಮ್ಮ ನೋಟ್ಸ್ ಬೆಳಗ್ಗೆ ನಮಗೇ ಅರ್ಥವಾಗದ ಹಾಗೆ.

ಮರುದಿನ ರಾತ್ರಿ 3 ಗಂಟೆಗೆ ಅದೇ ಪ್ರಯೋಗ ತಲೆಗೆ ಮತ್ತೆ ಬಂತು. ಈ ಸಲ ಲೋವಿ ಚೀಟಿಯ ಗೊಡವೆಗೇ ಹೋಗಲಿಲ್ಲ. ಎದ್ದವರೇ ನೇರ ಲ್ಯಾಬಿಗೆ ಹೋದರು.

ಎರಡು ಕಪ್ಪೆಗಳ ಹೃದಯ ತೆಗೆದರು. ಮೊದಲನೆಯದಕ್ಕೆ ನರಗಳನ್ನು ಹಾಗೇ ಉಳಿಸಿಕೊಂಡರು. ಎರಡನೆಯದರ ನರಗಳನ್ನು ತೆಗೆದುಹಾಕಿದರು. ಎರಡರಲ್ಲೂ ಸ್ವಲ್ಪ ರಿಂಗರ್ ದ್ರಾವಣ ತುಂಬಿದರು, ಅಂದ್ರೆ ದೇಹದ ದ್ರವಕ್ಕೆ ಹೊಂದುವ ಉಪ್ಪುನೀರು. ಎರಡೂ ತಮ್ಮ ಪಾಡಿಗೆ ಬಡಿಯುತ್ತಿದ್ದವು. ಈಗ ಮೊದಲ ಹೃದಯದ ವೇಗಸ್ ನರವನ್ನು ಕೆಲವು ನಿಮಿಷ ವಿದ್ಯುತ್ತಿನಿಂದ ಕೆರಳಿಸಿದರು. ನಿರೀಕ್ಷೆಯಂತೆ ಅದು ನಿಧಾನವಾಯಿತು. ಆಮೇಲೆ ಅದರೊಳಗಿದ್ದ ಉಪ್ಪುನೀರನ್ನು ತೆಗೆದು ಎರಡನೇ ಹೃದಯಕ್ಕೆ ಹಾಕಿದರು. ಅದಕ್ಕೆ ನರವೇ ಇಲ್ಲ, ಯಾವ ವೈರೂ ಜೋಡಿಸಿಲ್ಲ. ಆದರೂ ಯಾರೋ ಅದರ ವೇಗಸ್ ನರವನ್ನೇ ಕೆರಳಿಸಿದ ಹಾಗೆ ಅದರ ಬಡಿತ ನಿಧಾನವಾಯಿತು.

ಆಮೇಲೆ ಮೊದಲ ಹೃದಯದ ಆಕ್ಸಿಲರೇಟರ್ ನರವನ್ನು ಕೆರಳಿಸಿ ಅದರ ನೀರನ್ನು ಎರಡನೆಯದಕ್ಕೆ ಹಾಕಿದರು. ಎರಡನೆಯದರ ಬಡಿತ ಜೋರಾಯಿತು.

ಅಷ್ಟೇ ಪ್ರಯೋಗ. ನಮ್ಮ ಫಸ್ಟ್ ಸೆಮ್ ಲ್ಯಾಬಿಗಿಂತ ಸರಳ. ಆದರೆ ಅದು ಹೇಳಿದ್ದು ಏನು ಗೊತ್ತಾ? ನರ ತಾನೇ ಹೃದಯವನ್ನು ಮುಟ್ಟಿ ತಡೆಯುವುದಿಲ್ಲ. ನರದ ತುದಿ ಒಂದು ರಾಸಾಯನಿಕವನ್ನು ಸುರಿಸುತ್ತೆ, ತಡೆಯುವುದು ಅದು. ಬ್ರೇಕಿಗೆ ಒಂದು ರಸ, ಆಕ್ಸಿಲರೇಟರಿಗೆ ಇನ್ನೊಂದು ರಸ. ಒಂದೇ ಸಿಗ್ನಲ್ಲಿಗೆ ಎರಡು ಔಟ್‌ಪುಟ್ ಬರುವ ಗುಟ್ಟು ಇದೇ.

ಲೋವಿ ಇದರ ಬಗ್ಗೆ ಹೇಳಿಕೊಂಡ ಒಂದು ವಿಷಯ ನಮ್ಮಂಥವರಿಗೆ ಮುಖ್ಯ. ಹಗಲಿನಲ್ಲಿ ಕೂತು ತಣ್ಣಗೆ ಯೋಚಿಸಿದ್ದರೆ ಈ ಪ್ರಯೋಗವನ್ನು ತಾವು ಮಾಡುತ್ತಲೇ ಇರಲಿಲ್ಲ ಅನ್ನೋದು ಅವರ ಅಭಿಪ್ರಾಯವಾಗಿತ್ತು. ನರದ ತುದಿಯಲ್ಲಿ ಏನಾದರೂ ಬಿಡುಗಡೆಯಾದರೂ ಅದು ಅಲ್ಲೇ ಖರ್ಚಾಗುವಷ್ಟು ಮಾತ್ರ ಇರುತ್ತೆ, ಹೊರಗಿನ ನೀರಿಗೆ ಸೋರುವಷ್ಟು ಎಲ್ಲಿಂದ ಬರಬೇಕು ಅಂತ ಬುದ್ಧಿ ವಾದ ಹೂಡುತ್ತಿತ್ತು. ನಿದ್ದೆಗಣ್ಣಿನಲ್ಲಿ ಆ ವಾದ ಅಡ್ಡ ಬರಲಿಲ್ಲ. ಹಾಗಂತ ಕನಸು ಸುಮ್ಮನೆ ಆಕಾಶದಿಂದ ಉದುರಿದ್ದೂ ಅಲ್ಲ. ಹದಿನೇಳು ವರ್ಷದ ಹಳೇ ಊಹೆ ಇತ್ತು. ಎರಡು ವರ್ಷದ ಹಿಂದೆ ಬೇರೆ ಕೆಲಸಕ್ಕೆ ಬಳಸಿದ್ದ ಕಪ್ಪೆ ಹೃದಯದ ವಿಧಾನ ಇತ್ತು. ನಿದ್ದೆ ಇವೆರಡನ್ನೂ ತಂದು ಪಕ್ಕಪಕ್ಕ ಕೂರಿಸಿತು.

ನಂಬದವರ ಮುಂದೆ ಹದಿನೆಂಟು ಸಲ

ಜಗತ್ತು ತಕ್ಷಣ ಚಪ್ಪಾಳೆ ತಟ್ಟಲಿಲ್ಲ. ಬೇರೆ ಲ್ಯಾಬುಗಳಲ್ಲಿ ಮಾಡಿ ನೋಡಿದರು, ಕೆಲವರಿಗೆ ಬಂತು, ಹಲವರಿಗೆ ಬರಲಿಲ್ಲ. ಕಾರಣಗಳು ನಿಜವಾಗಿಯೂ ಇದ್ದವು. ಕಪ್ಪೆಯ ವೇಗಸ್ ನರದಲ್ಲಿ ಬ್ರೇಕಿನ ಎಳೆಗಳ ಜೊತೆ ಆಕ್ಸಿಲರೇಟರಿನ ಎಳೆಗಳೂ ಹೆಣೆದುಕೊಂಡಿರುತ್ತವೆ. ಯಾವುದು ಮೇಲುಗೈ ಅನ್ನೋದು ಋತುವಿನ ಮೇಲೆ, ತಾಪಮಾನದ ಮೇಲೆ ಬದಲಾಗುತ್ತೆ. ಬಿಡುಗಡೆಯಾದ ರಸ ಬೇಗ ನಾಶವೂ ಆಗುತ್ತೆ. ಲೋವಿಗೆ ಮೊದಲ ಸಲವೇ ಫಲಿತಾಂಶ ಬಂದದ್ದರಲ್ಲಿ ಅದೃಷ್ಟದ ಪಾಲೂ ಇತ್ತು.

1926ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂತರರಾಷ್ಟ್ರೀಯ ಶರೀರಶಾಸ್ತ್ರ ಸಮ್ಮೇಳನ ನಡೆಯಿತು. ಅಲ್ಲಿ ಎಲ್ಲರ ಕಣ್ಣೆದುರು ಪ್ರಯೋಗ ಮಾಡಿ ತೋರಿಸಬೇಕಾಗಿ ಬಂತು. ಡೆಮೋ ದಿನ ಪ್ರಾಜೆಕ್ಟ್ ಕೈಕೊಡುವ ಭಯ ನಮಗೆ ಗೊತ್ತಲ್ಲ, ಅದೇ ಭಯ. ಲೋವಿ ಒಂದೇ ಹೃದಯದ ಮೇಲೆ ಹದಿನೆಂಟು ಸಲ ಮಾಡಿ ತೋರಿಸಿದರು, ಪ್ರತಿ ಸಲವೂ ಬಂತು ಅಂತ ಹೇಳುತ್ತಾರೆ.

ಅದೇ ವರ್ಷ ಸಹೋದ್ಯೋಗಿ ನವ್ರಾಟಿಲ್ ಜೊತೆ ಸೇರಿ, ಬ್ರೇಕಿನ ರಸ ಅಸಿಟೈಲ್‌ಕೋಲಿನ್ ಎಂಬ ವಸ್ತುವಿನ ಹಾಗೇ ನಡೆದುಕೊಳ್ಳುತ್ತೆ ಅಂತ ತೋರಿಸಿದರು. ಆ ವಸ್ತುವಿನ ಗುಣಗಳನ್ನು 1914ರಲ್ಲೇ ವಿವರವಾಗಿ ಬರೆದಿಟ್ಟವರು ಲಂಡನ್ನಿನ ಹಳೇ ಗೆಳೆಯ ಹೆನ್ರಿ ಡೇಲ್. ಅಸಿಟೈಲ್‌ಕೋಲಿನ್ನನ್ನು ದೇಹದ ಒಂದು ಕಿಣ್ವ ಕ್ಷಣದಲ್ಲಿ ಕತ್ತರಿಸಿ ಹಾಕುತ್ತೆ ಎಂಬುದೂ, ಆ ಕಿಣ್ವವನ್ನು ಕೆಲವು ವಸ್ತುಗಳಿಂದ ತಡೆಯಬಹುದು ಎಂಬುದೂ ಈ ಕೆಲಸದಿಂದ ಗೊತ್ತಾಯಿತು. ಇದು ಪುಸ್ತಕದ ಬದನೆಕಾಯಿ ಅಲ್ಲ. ನಮ್ಮ ಹಳ್ಳಿಗಳಲ್ಲಿ ಬೆಳೆಗೆ ಔಷಧಿ ಹೊಡೆಯುವಾಗ ಮೈಗೆ ಸೇರಿಕೊಳ್ಳುವ ಆರ್ಗನೋಫಾಸ್ಫೇಟ್ ಕೀಟನಾಶಕ ಕೆಡಿಸುವುದು ಇದೇ ಕಿಣ್ವವನ್ನು. ಬ್ರೇಕಿನ ರಸ ಒಡೆಯದೆ ತುಂಬಿಕೊಂಡು ಬಡಿತ ಕುಸಿಯಬಹುದು. ಅದಕ್ಕೇ ಡಾಕ್ಟರು ಆ ರಸದ ಕೆಲಸ ತಡೆಯುವ ಅಟ್ರೋಪಿನ್ ಕೊಡುತ್ತಾರೆ.

ಆಕ್ಸಿಲರೇಟರಿನ ರಸ ಕಪ್ಪೆಯಲ್ಲಿ ಅಡ್ರಿನಲಿನ್ ಅಂತ ಲೋವಿ ಗುರುತಿಸಿದರು. ಮನುಷ್ಯರೂ ಸೇರಿದಂತೆ ಸಸ್ತನಿಗಳಲ್ಲಿ ಈ ನರಗಳು ಮುಖ್ಯವಾಗಿ ಬಿಡುವುದು ಅದರ ಸೋದರ ಸಂಬಂಧಿ ನಾರ್‌ಅಡ್ರಿನಲಿನ್ ಅಂತ 1946ರಲ್ಲಿ ಸ್ವೀಡನ್ನಿನ ಉಲ್ಫ್ ವಾನ್ ಆಯ್ಲರ್ ತೋರಿಸಿದರು.

ವೈವಾ ಬಾಗಿಲಲ್ಲಿ ಆಗೋದೇನು?

ಲೋವಿಯ ಎರಡು ರಸಗಳನ್ನು ಇಟ್ಟುಕೊಂಡು ಈಗ ನಮ್ಮ ಕಾರಿಡಾರಿಗೆ ಬರೋಣ.

ಮೊದಲ ಆಶ್ಚರ್ಯ ಇದು. ಯಾವ ನರವೂ ಇಲ್ಲದೆ ಹೃದಯವನ್ನು ಅದರ ಪಾಡಿಗೆ ಬಿಟ್ಟರೆ, ನಮ್ಮ ವಯಸ್ಸಿನಲ್ಲಿ ಅದು ನಿಮಿಷಕ್ಕೆ 100ರ ಆಸುಪಾಸಿನಲ್ಲಿ ಬಡಿಯುತ್ತೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಹೊಸ ಹೃದಯಕ್ಕೆ ನರಗಳ ಜೋಡಣೆ ಇರುವುದಿಲ್ಲ. ಹಾಗಾಗಿ ಅವರ ಬಡಿತ ಸುಮ್ಮನೆ ಕೂತಿದ್ದಾಗಲೂ 90ರಿಂದ 110ರ ನಡುವೆ ಇರುತ್ತೆ. ನಾವು ಆರಾಮಾಗಿ ಕೂತಾಗ 70 ಇದೆ ಅಂದ್ರೆ ವೇಗಸ್ ನರ ಬ್ರೇಕ್ ಒತ್ತಿ ಹಿಡಿದಿದೆ ಅಂತ ಅರ್ಥ. ಶಾಂತವಾಗಿರೋದು ಅಂದ್ರೆ ಏನೂ ನಡೆಯದ ಸ್ಥಿತಿ ಅಂದುಕೊಂಡಿದ್ದೆವು. ದೇಹದ ಮಟ್ಟಿಗೆ ಅದು ಪ್ರತಿ ಕ್ಷಣ ಮಾಡುವ ಕೆಲಸ.

ಹೆಸರು ಕರೆದಾಗ ಮೊದಲು ಬ್ರೇಕ್ ಸಡಿಲವಾಗುತ್ತೆ. ಅಸಿಟೈಲ್‌ಕೋಲಿನ್ ಕ್ಷಣದಲ್ಲಿ ನಾಶವಾಗುವುದರಿಂದ ಇದರ ಪರಿಣಾಮ ಒಂದೆರಡು ಬಡಿತದಲ್ಲೇ ಕಾಣುತ್ತೆ. ಆಮೇಲೆ ಕೆಲವು ಸೆಕೆಂಡು ತಡವಾಗಿ ಆಕ್ಸಿಲರೇಟರ್ ಕೆಲಸಕ್ಕಿಳಿಯುತ್ತೆ. ಅದರ ಜೊತೆಗೆ ಮೂತ್ರಪಿಂಡದ ಮೇಲಿರುವ ಗ್ರಂಥಿಯಿಂದ ಅಡ್ರಿನಲಿನ್ ನೇರ ರಕ್ತಕ್ಕೇ ಸೇರುತ್ತೆ. ಭಯ, ಸಿಟ್ಟು, ನೋವು ಬಂದಾಗ ಹೀಗಾಗುತ್ತೆ ಅಂತ ಅಮೆರಿಕದ ವಾಲ್ಟರ್ ಕ್ಯಾನನ್ ಅದೇ ಕಾಲದಲ್ಲಿ ತೋರಿಸುತ್ತಿದ್ದರು. ರಕ್ತಕ್ಕೆ ಸೇರಿದ್ದು ಕರಗಲು ನಿಮಿಷಗಳು ಬೇಕು. ವೈವಾ ಮುಗಿಸಿ ಹೊರಗೆ ಬಂದು ಕ್ಯಾಂಟೀನ್ ತಲುಪಿದರೂ ಎದೆ ಹೊಡ್ಕೊಳ್ತಾನೇ ಇರೋದಕ್ಕೆ ಇದು ಕಾರಣ. ನೀವು ಪುಕ್ಕಲು ಅಂತಲ್ಲ, ಕೆಮಿಸ್ಟ್ರಿ ಹಾಗಿದೆ.

ಈ ಆಕ್ಸಿಲರೇಟರ್ ನಮ್ಮ ಶತ್ರು ಅಲ್ಲ. ಚೂರು ಒತ್ತಿದರೇನೇ ಮನಸ್ಸು ಎಚ್ಚರವಾಗಿ, ಪ್ರಶ್ನೆ ಕಿವಿಗೆ ಬಿದ್ದು, ಉತ್ತರ ನೆನಪಾಗುತ್ತೆ. ತೊಂದರೆ ಬರೋದು ದಿನಗಟ್ಟಲೆ ಕಾಲು ತೆಗೆಯದೇ ಇದ್ದಾಗ. ನಿದ್ದೆಗೆಟ್ಟು, ಊಟ ತಪ್ಪಿಸಿ, ಒಂದರ ಹಿಂದೊಂದು ಡೆಡ್‌ಲೈನ್ ಅಟ್ಟಿಸಿಕೊಂಡು ಬಂದಾಗ ಬ್ರೇಕಿನ ಹಿಡಿತ ಸಡಿಲವಾಗುತ್ತಾ ಹೋಗುತ್ತೆ.

ಅದನ್ನು ನೋಡೋದು ಹೇಗೆ? ಆರೋಗ್ಯವಂತ ಹೃದಯ ಗಡಿಯಾರದ ಹಾಗೆ ಕರಾರುವಾಕ್ಕಾಗಿ ಬಡಿಯುತ್ತೆ ಅಂದುಕೊಂಡಿದ್ದರೆ ಅದು ತಪ್ಪು. ಈಗಲೇ ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಉಸಿರಾಡಿ. ಉಸಿರು ಒಳಗೆ ಎಳೆದುಕೊಂಡಾಗ ನಾಡಿ ಕೊಂಚ ಚುರುಕು, ಬಿಟ್ಟಾಗ ಕೊಂಚ ನಿಧಾನ. ಇದನ್ನು 1847ರಲ್ಲೇ ಕಾರ್ಲ್ ಲುಡ್ವಿಗ್ ಗಮನಿಸಿದ್ದರು. ಪ್ರತಿ ಉಸಿರಿಗೂ ವೇಗಸ್ ನರ ಬ್ರೇಕ್ ಬಿಟ್ಟು, ಮತ್ತೆ ಒತ್ತುತ್ತೆ. ಎರಡು ಬಡಿತಗಳ ನಡುವಿನ ಅಂತರದಲ್ಲಿ ಆಗುವ ಈ ಏರಿಳಿತವನ್ನೇ ಈಗಿನ ಸ್ಮಾರ್ಟ್‌ವಾಚುಗಳು ಎಚ್‌ಆರ್‌ವಿ ಅಂತ ತೋರಿಸೋದು. ಒತ್ತಡ ಇದ್ದಾಗ, ನಿದ್ದೆ ಕೆಟ್ಟಾಗ, ಜ್ವರ ಬಂದಾಗ ಏರಿಳಿತ ಸಾಮಾನ್ಯವಾಗಿ ಕಡಿಮೆಯಾಗುತ್ತೆ. ಬಡಿತ ಸಮಸಮವಾದಂತೆ ಕಾಣುವುದು ಅಲ್ಲಿ ಒಳ್ಳೆಯ ಸೂಚನೆಯಲ್ಲ.

ಒಂದು ಎಚ್ಚರಿಕೆ. ಆ ನಂಬರನ್ನು ರೂಮ್‌ಮೇಟ್ ನಂಬರಿಗೆ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ. ಅದು ಒಬ್ಬರಿಂದೊಬ್ಬರಿಗೆ ತುಂಬಾ ಬೇರೆ, ಮಲಗಿದಾಗ ಒಂದು, ನಿಂತಾಗ ಒಂದು. ನಿಮ್ಮದನ್ನೇ ವಾರಗಟ್ಟಲೆ ನೋಡಿದರೆ ಮಾತ್ರ ಏನಾದರೂ ಅರ್ಥ ಸಿಗುತ್ತೆ. ಎದೆನೋವು, ತಲೆಸುತ್ತು, ಕಾರಣವಿಲ್ಲದೆ ಬಡಿತ ತಪ್ಪೋದು ಇದ್ದರೆ ವಾಚ್ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇನ್ನೊಂದು ಖುಷಿಯ ವಿಷಯ. ರಕ್ತದೊತ್ತಡ ಮತ್ತು ಬಡಿತದ ನಡುವೆ ಒಂದು ಫೀಡ್‌ಬ್ಯಾಕ್ ಲೂಪ್ ಇದೆ, ಅದರಲ್ಲಿ ಕೆಲವು ಸೆಕೆಂಡುಗಳ ವಿಳಂಬ ಇದೆ. ವಿಳಂಬವಿರುವ ಲೂಪಿಗೆ ತನ್ನದೇ ಅನುರಣನ ಆವರ್ತನ ಇರಬೇಕಲ್ಲ? ಇಲ್ಲಿ ಅದು ಸುಮಾರು 0.1 ಹರ್ಟ್ಜ್, ಅಂದರೆ 10 ಸೆಕೆಂಡಿಗೆ ಒಂದು ಉಸಿರು, ನಿಮಿಷಕ್ಕೆ 6. ಆ ಲಯದಲ್ಲಿ ಉಸಿರಾಡಿದಾಗ ಬಡಿತದ ಏರಿಳಿತ ಅತಿ ಹೆಚ್ಚಾಗುತ್ತೆ. ಉಸಿರನ್ನು ನಿಧಾನ ಮಾಡು ಅಂತ ಹಿರಿಯರು ಹೇಳುವ ಮಾತಿಗೆ ಹೀಗೊಂದು ಲೆಕ್ಕವೂ ಇದೆ.

ಜೈಲಿನಿಂದ ಒಂದು ಕಾರ್ಡು

1936ರಲ್ಲಿ ಲೋವಿ ಮತ್ತು ಡೇಲ್ ಇಬ್ಬರಿಗೂ ಸೇರಿ ನೊಬೆಲ್ ಬಂತು. ಕೂದಲೆಳೆಯಲ್ಲಿ ಪಾಸಾಗಿದ್ದ ಹುಡುಗನಿಗೆ ಆಗ 63 ವರ್ಷ. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

1938ರ ಮಾರ್ಚಿನಲ್ಲಿ ಹಿಟ್ಲರನ ಜರ್ಮನಿ ಆಸ್ಟ್ರಿಯಾವನ್ನು ನುಂಗಿತು. ಅದೇ ರಾತ್ರಿ ಬಂದೂಕು ಹಿಡಿದ ನಾಜಿ ಪಡೆಯ ಹುಡುಗರು ಲೋವಿಯ ಮಲಗುವ ಕೋಣೆಗೆ ನುಗ್ಗಿದರು. ಅವರನ್ನು ಎಳೆದೊಯ್ದು ಜೈಲಿಗೆ ಹಾಕಿದರು. ಚಿಕ್ಕ ಗಂಡುಮಕ್ಕಳಿಬ್ಬರನ್ನೂ ಹಿಡಿದು ತಂದರು. ತಪ್ಪು ಏನು? ಯಹೂದಿಯಾಗಿ ಹುಟ್ಟಿದ್ದು.

ಬದುಕಿ ಹೊರಬರುತ್ತೇನೆ ಅನ್ನುವ ನಂಬಿಕೆ ಲೋವಿಗೆ ಇರಲಿಲ್ಲ. ಎದೆಬಡಿತದ ರಸಾಯನವನ್ನು ಜಗತ್ತಿಗೆ ಹೇಳಿಕೊಟ್ಟವರ ಎದೆ ಆ ರಾತ್ರಿ ಹೇಗೆ ಬಡಿದುಕೊಂಡಿರಬೇಕು, ಯೋಚನೆ ಮಾಡಿ. ಆಗ ಅವರನ್ನು ಕಾಡಿದ ಒಂದು ಚಿಂತೆ ಆಶ್ಚರ್ಯದ್ದು. ಆಗಷ್ಟೇ ಮುಗಿಸಿದ ಪ್ರಯೋಗದ ಫಲಿತಾಂಶ ಇನ್ನೂ ಎಲ್ಲೂ ಪ್ರಕಟವಾಗಿರಲಿಲ್ಲ. ತಾವು ಸತ್ತರೆ ಅದೂ ಸಾಯುತ್ತೆ. ಕಾವಲುಗಾರನನ್ನು ಹೇಗೋ ಒಪ್ಪಿಸಿ ಒಂದು ಅಂಚೆ ಕಾರ್ಡು, ಪೆನ್ನು ಪಡೆದುಕೊಂಡರು. ಫಲಿತಾಂಶವನ್ನು ಅದರ ಮೇಲೆ ಬರೆದು ವಿಜ್ಞಾನ ಪತ್ರಿಕೆಯೊಂದಕ್ಕೆ ಕಳಿಸಿದರು. ಕಾರ್ಡು ಹೊರಟಿತು ಅಂತ ಗೊತ್ತಾದಾಗ ಮನಸ್ಸಿಗೆ ಹೇಳಲಾಗದಷ್ಟು ನಿರಾಳವಾಯಿತು ಅಂತ ಆಮೇಲೆ ನೆನೆದಿದ್ದಾರೆ. ಗೋಡೆ ಅದೇ, ಬೀಗ ಅದೇ, ಬಾಗಿಲಲ್ಲಿ ಬಂದೂಕು ಅದೇ. ತಮ್ಮ ಕೈಲಾದ ಒಂದು ಕೆಲಸ ಮುಗಿದಿತ್ತು, ಅಷ್ಟೇ.

ಸುಮಾರು ಎರಡು ತಿಂಗಳ ಮೇಲೆ ಬಿಟ್ಟರು. ದೇಶ ಬಿಡಲು ಒಂದು ಷರತ್ತು ಇತ್ತು. ಸ್ಟಾಕ್‌ಹೋಮ್ ಬ್ಯಾಂಕಿನಲ್ಲಿದ್ದ ನೊಬೆಲ್ ಹಣವನ್ನು ನಾಜಿಗಳ ಹಿಡಿತದ ಬ್ಯಾಂಕಿಗೆ ವರ್ಗಾಯಿಸಬೇಕು. ಸಹಿ ಹಾಕಿ ಕೊಟ್ಟು, 1938ರ ಸೆಪ್ಟೆಂಬರಿನಲ್ಲಿ ಬರಿಗೈಯಲ್ಲಿ ಹೊರಟರು. ಮೂವತ್ತು ವರ್ಷ ಜೊತೆಗಿದ್ದ ಹೆಂಡತಿಯನ್ನು ಮಾತ್ರ ಬಿಡಲಿಲ್ಲ. ಅವರ ಹೆಸರಲ್ಲಿದ್ದ ಆಸ್ತಿಗಾಗಿ ಅಲ್ಲೇ ತಡೆದಿಟ್ಟರು.

ಮುದಿತನದ ಸರ್ಟಿಫಿಕೇಟು

ಲಂಡನ್, ಬ್ರಸೆಲ್ಸ್, ಆಕ್ಸ್‌ಫರ್ಡ್ ಹೀಗೆ ಅಲೆದು 1940ರಲ್ಲಿ ಲೋವಿ ನ್ಯೂಯಾರ್ಕ್ ತಲುಪಿದರು. ವಯಸ್ಸು 67ರ ಆಸುಪಾಸು. ಅಲ್ಲಿನ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು ಕೆಲಸ ಕೊಟ್ಟಿತ್ತು. ಅಮೆರಿಕದಲ್ಲಿ ಇಳಿಯುವಾಗ, ವೀಸಾಗೆಂದು ಡಾಕ್ಟರು ಬರೆದುಕೊಟ್ಟಿದ್ದ ಪ್ರಮಾಣಪತ್ರದ ಮೇಲೆ ಕಣ್ಣು ಬಿತ್ತು. ಮುದಿತನ, ದುಡಿದು ತಿನ್ನಲಾರದ ಸ್ಥಿತಿ ಎಂಬರ್ಥದ ಮಾತು ಅದರಲ್ಲಿತ್ತು! ಇದನ್ನು ನೋಡಿ ವಾಪಸ್ ಕಳಿಸಿಬಿಡುತ್ತಾರೆ ಅಂತ ಎದೆ ಧಸಕ್ಕೆಂದಿತು. ಅಧಿಕಾರಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಒಳಗೆ ಬಿಟ್ಟ.

1941ರಲ್ಲಿ ಗ್ವಿಡಾ ಬಂದು ಸೇರಿಕೊಂಡರು. 1946ರಲ್ಲಿ ಲೋವಿ ಅಮೆರಿಕದ ಪ್ರಜೆಯಾದರು. ಬೇಸಿಗೆ ಬಂದರೆ ಸಮುದ್ರದಂಡೆಯ ವುಡ್ಸ್ ಹೋಲ್ ಪ್ರಯೋಗಾಲಯಕ್ಕೆ ಹೋಗಿ ಅಲ್ಲಿನ ಯುವ ವಿಜ್ಞಾನಿಗಳ ಜೊತೆ ಹರಟುತ್ತಿದ್ದರು. 1958ರಲ್ಲಿ ಹೆಂಡತಿ ತೀರಿಕೊಂಡರು. ದುಡಿಯಲಾರ ಅನ್ನಿಸಿಕೊಂಡಿದ್ದ ಮನುಷ್ಯ ಆ ಸರ್ಟಿಫಿಕೇಟಿನ ಮೇಲೆ 21 ವರ್ಷ ಬದುಕಿ, 1961ರ ಡಿಸೆಂಬರ್ 25ರಂದು, 88ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.

ಅಷ್ಟು ಹೊತ್ತಿಗೆ, ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಅನ್ನೋದು ಮಿದುಳಿನ ವಿಜ್ಞಾನಕ್ಕೂ ಬುನಾದಿಯಾಗಿತ್ತು. ನಿದ್ದೆ, ನೆನಪು, ಖಿನ್ನತೆ, ಪಾರ್ಕಿನ್ಸನ್ ಕಾಯಿಲೆ ಯಾವುದನ್ನು ಓದಲು ಹೊರಟರೂ ಆ ಎರಡು ಕಪ್ಪೆಗಳನ್ನು ದಾಟಿಯೇ ಹೋಗಬೇಕು.

ನಮ್ಮ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತೆ. ಪ್ರತಿ ಬಡಿತದ ಹಿಂದೆಯೂ ಎರಡು ರಸಗಳ ಎಳೆದಾಟ ನಡೆದಿರುತ್ತೆ. ಮುಂದಿನ ವೈವಾ ದಿನ ನಿಮ್ಮ ಹೆಸರು ಕರೆದು ಎದೆ ಡವಡವ ಅಂದಾಗ, ನಂಗೇನೋ ಆಗ್ತಿದೆ ಅಂತ ಗಾಬರಿ ಬೀಳಬೇಡಿ. ಬ್ರೇಕ್ ಸಡಿಲವಾಗಿದೆ, ಅಷ್ಟೇ. ಒಂದು ಉದ್ದನೆಯ ಉಸಿರು ಬಿಡಿ, ಕತ್ತಿನೊಳಗಿನ ಆ ಹಳೇ ಅಲೆಮಾರಿ ನರ ಮತ್ತೆ ಕಾಲು ಊರುತ್ತೆ. ಆಮೇಲೆ ಒಳಗೆ ಹೋಗಿ.

ಹಾಂ, ಹಿಂದಿನ ರಾತ್ರಿ ಮಾತ್ರ ಮಲಗಿರಿ. ರಾತ್ರಿ ಹೊಳೆದದ್ದನ್ನು ಓದೋ ಹಾಗೆ ಬರೆದಿಡಿ.